ಆಪತ್ತಿನ ಹೊತ್ತಿನಲ್ಲಿ ಶಿಕ್ಷಕ ಬಳಗ

(ಗಡಿನಾಡು ಕನ್ನಡ ಶಾಲೆಗಳ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತರಬೇತಿ ಶಿಬಿರಗಳಲ್ಲಿ ಪಾಠಯೋಜನೆ, ಮೌಲ್ಯಮಾಪನ, ಬಹುವರ್ಗ ಬೋಧನೆ ಮೊದಲಾದ ವಿಷಯಗಳು ಚರ್ಚೆಗೆ ಬರುವುದು ವಾಡಿಕೆ. ಈ ಹೊತ್ತಿನ ವಿಷಯ ಪಠ್ಯಕ್ರಮದೊಳಗೆ ಬರುವಂಥದಲ್ಲ. ಆದರೆ ಒಬ್ಬಿಬ್ಬರೇ ಶಿಕ್ಷಕರಿರುವ, ಒಂದರಿಂದ ಒಂದು ದೂರವಾಗಿ ಚದುರಿಹೋಗಿರುವ ಗಡಿಯ ಕನ್ನಡ ಶಾಲೆಗಳಿಗೆ ಇದು ಹೊರಗಿನ ವಿಷಯವೂ ಅಲ್ಲ. ತಮ್ಮಲ್ಲಿ ಬಹುತೇಕರು ಯಾವುದಾದರೊಂದು ಶಿಕ್ಷಕರ ವಾಟ್ಸ್‌ಆ್ಯಪ್ ಬಳಗದಲ್ಲಿ ಇರುವವರೇ. ಸುತ್ತೋಲೆ, ಪ್ರಶ್ನೆಪತ್ರಿಕೆ, ಬೆಳಗಿನ ಶುಭಾಶಯ, ಹುಟ್ಟುಹಬ್ಬದ ಹಾರೈಕೆಗಳಿಂದ ತುಂಬಿರುವ ಆ ಬಳಗಕ್ಕೆ ಒಂದು ಮುಂಜಾನೆ ಸದಸ್ಯರೊಬ್ಬರ ಮನೆಯ ಆಪತ್ತಿನ ಸುದ್ದಿ ಬಂದರೆ ಏನಾಗುತ್ತದೆ? ಯಾವುದು ನೆರವಾಗುತ್ತದೆ, ಯಾವುದು ನೆರವಿನ ವೇಷದಲ್ಲಿ ಬಂದು ಅಡ್ಡಿಯಾಗುತ್ತದೆ? ತಾಳವಾಡಿ ಸೀಮೆಯ ಒಂದು ಮನೆಯಲ್ಲಿ ನಡೆದ ಸಂಗತಿಯ ಮೂಲಕ ಇದನ್ನು ನೋಡುವುದು ಈ ಉಪನ್ಯಾಸದ ಉದ್ದೇಶ. ಆ ಕುಟುಂಬದ ಹೆಸರನ್ನಾಗಲೀ ಹಳ್ಳಿಯನ್ನಾಗಲೀ ಇಲ್ಲಿ ಹೇಳಿಲ್ಲ. ಹಾಗೆ ಹೇಳದಿರುವುದಕ್ಕೂ ಮುಂದೆ ಬರುವ ಒಂದು ಪ್ರಸಂಗವೇ ಕಾರಣ.

ತಾಳವಾಡಿಯನ್ನು ಕಾಣದವರಿಗಾಗಿ ಎರಡು ಮಾತು. ಇದು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ, ಬೆಟ್ಟದ ಮೇಲಿನ ಬಯಲು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು. ತಾಳವಾಡಿ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಒಂದು ಕಡೆ ಚಾಮರಾಜನಗರ ಸಮೀಪ. ಇನ್ನೊಂದು ಕಡೆ ತಮ್ಮ ರಾಜ್ಯದ ಆಸ್ಪತ್ರೆ, ಕಚೇರಿ, ಮಾರುಕಟ್ಟೆಗಳನ್ನು ತಲುಪಬೇಕಾದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಬಣ್ಣಾರಿಯ ಮೂಲಕ ಸತ್ಯಮಂಗಲಕ್ಕೆ ಹೋಗಬೇಕು. ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ತಡೆಹಿಡಿಯಲ್ಪಟ್ಟ ಲಾರಿಗಳು ಬೆಳಗಿನ ಆರು ಗಂಟೆಗೆ ಒಟ್ಟಿಗೆ ಹೊರಡುತ್ತವೆ. ಆ ಹೊತ್ತಿನಲ್ಲಿ ಘಾಟಿ ಇಳಿಯುವವರ ಸಂಕಟ ಅನುಭವಿಸಿದವರಿಗೇ ಗೊತ್ತು.

ಆ ಮನೆಯ ಗೃಹಿಣಿ ಇಬ್ಬರು ಶಿಕ್ಷಕರ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಪತಿ ಕೃಷಿಕರು, ವಯಸ್ಸು ಐವತ್ತರೊಳಗೆ. ಎಲೆಕೋಸು, ಆಲೂಗಡ್ಡೆ, ಸ್ವಲ್ಪ ರಾಗಿ ಬೆಳೆಯುತ್ತಿದ್ದರು. ರಕ್ತದೊತ್ತಡವಿತ್ತು, ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದರು. ಒಂದು ದಿನ ಮುಂಜಾನೆ ತೋಟದಿಂದ ಹಿಂದಿರುಗಿದವರ ಬಲಗೈ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು. ಹೆಂಡತಿ ಕೇಳಿದ ಪ್ರಶ್ನೆಗೆ ಬಂದ ಉತ್ತರ ಮಾತಾಗಿರಲಿಲ್ಲ, ಬರಿಯ ಸದ್ದಾಗಿತ್ತು. 6 ಗಂಟೆ 4 ನಿಮಿಷಕ್ಕೆ ಆಕೆ ಶಿಕ್ಷಕರ ಬಳಗಕ್ಕೆ ಒಂದು ಸಾಲು ಬರೆದರು: “ಇವರಿಗೆ ಕೈ ಬಿದ್ದಿದೆ, ಮಾತು ತೊದಲುತ್ತಿದೆ, ಯಾರಾದರೂ ಎದ್ದಿದ್ದೀರಾ?”

ಎದ್ದಿದ್ದವರು ಹಲವರು. ಹತ್ತು ನಿಮಿಷಗಳೊಳಗೆ ಬಂದ ಸಂದೇಶಗಳನ್ನು ಇಂದು ಓದಿದರೆ ಕರುಳು ಚುರುಕ್ಕೆನ್ನುತ್ತದೆ. ಅದರೊಂದಿಗೆ ಸ್ವಲ್ಪ ಗಾಬರಿಯೂ ಆಗುತ್ತದೆ. ಕೈಮುಗಿದ ಚಿತ್ರಗಳು, ಮಾದಪ್ಪ ಕಾಪಾಡಲಿ ಎಂಬ ಹಾರೈಕೆಗಳು. ಚಾಮರಾಜನಗರಕ್ಕೆ ಕರೆದೊಯ್ಯಿರಿ ಎಂದರು ಕೆಲವರು, ಮೈಸೂರೇ ವಾಸಿ ಎಂದರು ಕೆಲವರು, ವಿಮೆ ಸಿಗಬೇಕಾದರೆ ಕೊಯಮತ್ತೂರೇ ಆಗಬೇಕೆಂದರು ಇನ್ನು ಕೆಲವರು. ಲಕ್ವಕ್ಕೆ ನಾಟಿ ಔಷಧಿ ಕೊಡುವವರ ದೂರವಾಣಿ ಸಂಖ್ಯೆಯನ್ನು ಒಬ್ಬರು ಕಳುಹಿಸಿದರು. ಬಿಸಿನೀರು ಕುಡಿಸಿ ಎಂದು ಮತ್ತೊಬ್ಬರು ಬರೆದರು. ಈ ಕೊನೆಯ ಸಲಹೆ ಅಪಾಯಕಾರಿಯಾದುದು. ಪಾರ್ಶ್ವವಾಯು ತಗುಲಿದವರಿಗೆ ನುಂಗುವ ಶಕ್ತಿ ಕುಂದಿರಬಹುದು, ಕುಡಿಸಿದ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಆದುದರಿಂದ ವೈದ್ಯರು ಪರೀಕ್ಷಿಸುವವರೆಗೆ ಬಾಯಿಗೆ ಏನನ್ನೂ ಹಾಕಬಾರದು. ಹಾರೈಸಿದವರಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇರಲಿಲ್ಲ. ಆದರೆ ಗಂಡನನ್ನು ಗೋಡೆಗೆ ಒರಗಿಸಿ ಕುಳ್ಳಿರಿಸಿಕೊಂಡಿದ್ದ ಹೆಣ್ಣುಮಗಳು ಆ ಇಪ್ಪತ್ತು ಮೂವತ್ತು ಸಂದೇಶಗಳಲ್ಲಿ ಯಾವುದನ್ನು ನಂಬಬೇಕು?

ಬಳಗದಲ್ಲಿ ಒಬ್ಬ ಹಿರಿಯ ಮುಖ್ಯ ಶಿಕ್ಷಕಿ ಇದ್ದರು. ಅವರು ಬಳಗದಲ್ಲಿ ಏನನ್ನೂ ಬರೆಯದೆ ನೇರವಾಗಿ ಕರೆ ಮಾಡಿದರು. “ಅಮ್ಮಾ, 108ಕ್ಕೆ ಹೇಳಿದೆಯಾ? ಇಲ್ಲವೆಂದರೆ ನಾನು ಹೇಳುತ್ತೇನೆ, ನೀನು ಅವರ ಪಕ್ಕ ಬಿಟ್ಟು ಏಳಬೇಡ.” ಆಂಬುಲೆನ್ಸ್‌ಗೆ ಹೇಳಿದ ಬಳಿಕ ಬಳಗದಲ್ಲಿ ಬರೆದರು: ಇನ್ನು ಮುಂದೆ ಈ ವಿಷಯದಲ್ಲಿ ಇಬ್ಬರು ಮಾತ್ರ ಆ ಮನೆಗೆ ಕರೆ ಮಾಡುವುದು, ಉಳಿದವರು ಅವರಿಬ್ಬರನ್ನು ಕೇಳುವುದು, ಸಲಹೆಗಳು ಸಾಕು. ಆ ಸಂದೇಶ ಸ್ವಲ್ಪ ಒರಟಾಗಿ ಕಂಡಿತೆಂದು ಒಂದಿಬ್ಬರು ಅನಂತರ ಆಕ್ಷೇಪಿಸಿದ್ದೂ ಉಂಟು. ಅಂದು ಬಳಗ ಮಾಡಿದ ಕೆಲಸಗಳಲ್ಲಿ ಮೊದಲನೆಯದು ಮತ್ತು ಅತ್ಯಂತ ಮುಖ್ಯವಾದುದು ಅದೇ ಆಗಿತ್ತು.

ಆ ಹಿರಿಯ ಶಿಕ್ಷಕಿ ಮಾಡಿದ ಎರಡನೆಯ ಕೆಲಸವನ್ನು ಅರಿಯಬೇಕಾದರೆ ಪಾರ್ಶ್ವವಾಯುವಿನ ಬಗೆಯನ್ನು ಸ್ವಲ್ಪ ತಿಳಿಯಬೇಕು. ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅಡ್ಡಬರುವುದು ಒಂದು ಬಗೆ. ನಾಳ ಒಡೆದು ರಕ್ತ ಸೋರುವುದು ಇನ್ನೊಂದು ಬಗೆ. ಹೊರಗಿನ ಲಕ್ಷಣಗಳಿಂದ ಇವೆರಡನ್ನು ಬೇರ್ಪಡಿಸುವುದು ಸಾಧ್ಯವಿಲ್ಲ, ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಹೆಪ್ಪು ಎಂದು ತಿಳಿದರೆ ಅದನ್ನು ಕರಗಿಸುವ ಚುಚ್ಚುಮದ್ದು ಇದೆ. ಆದರೆ ಸಾಮಾನ್ಯವಾಗಿ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಲ್ಲಿಂದ ನಾಲ್ಕೂವರೆ ಗಂಟೆ? ರೋಗಿಯನ್ನು ಬಿದ್ದ ಸ್ಥಿತಿಯಲ್ಲಿ ಕಂಡ ಹೊತ್ತಿನಿಂದಲ್ಲ, ಕೊನೆಯ ಬಾರಿ ಅವರು ಸರಿಯಾಗಿದ್ದುದು ಖಚಿತವಾಗಿ ತಿಳಿದ ಹೊತ್ತಿನಿಂದ. ಆ ಅವಧಿ ಮೀರಿದರೆ ಪ್ರಯೋಜನಕ್ಕಿಂತ ರಕ್ತಸ್ರಾವದ ಅಪಾಯವೇ ಹೆಚ್ಚುತ್ತದೆ. ಅಡ್ಡಿ ತೆರವಾಗದ ಒಂದೊಂದು ನಿಮಿಷದಲ್ಲಿ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳುತ್ತದೆ. ಬಾಯಿ ವಾಲಿದೆಯೇ, ಎತ್ತಿದ ಕೈ ಕೆಳಗೆ ಜಾರುತ್ತದೆಯೇ, ಮಾತು ತೊದಲುತ್ತದೆಯೇ ಎಂಬ ಮೂರು ಪ್ರಶ್ನೆಗಳು ಈಗ ಎಷ್ಟೋ ಜನರಿಗೆ ತಿಳಿದಿವೆ. ಯಾವ ಹೊತ್ತಿಗೆ ಎಂಬ ನಾಲ್ಕನೆಯ ಪ್ರಶ್ನೆ ಅಷ್ಟಾಗಿ ತಿಳಿದಿಲ್ಲ.

ಹಿರಿಯ ಶಿಕ್ಷಕಿ ಆ ಪ್ರಶ್ನೆಯನ್ನು ಕೇಳಿದರು. ಗಾಬರಿಯಲ್ಲಿದ್ದ ಹೆಂಡತಿಗೆ ಗೊತ್ತಿದ್ದುದು ಇಷ್ಟೇ: ಪತಿ ನಾಲ್ಕೂವರೆಗೆ ಎದ್ದು ಕಾಫಿ ಕುಡಿದು ತೋಟಕ್ಕೆ ಹೋದರು. ಆಂಬುಲೆನ್ಸ್‌ನವರೂ ತಮ್ಮ ಚೀಟಿಯಲ್ಲಿ 4:30 ಎಂದೇ ಬರೆದುಕೊಂಡರು. ಹಿರಿಯ ಶಿಕ್ಷಕಿ ಅಲ್ಲಿಗೆ ಬಿಡಲಿಲ್ಲ. ತೋಟದಲ್ಲಿ ನೀರು ಹಾಯಿಸುತ್ತಿದ್ದ ಆಳನ್ನು ಫೋನಿನಲ್ಲಿ ಹಿಡಿದು ಕೇಳಿದಾಗ, ಯಜಮಾನರು ಪಂಪ್‌ಸೆಟ್ಟಿನ ಬಳಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರೆಂದು ಆತ ಹೇಳಿದ. ಹೆಂಡತಿಯ ಚೀಲದಲ್ಲಿದ್ದ ಪತಿಯ ಫೋನನ್ನು ತೆರೆದು ನೋಡಿದರೆ, ಮೆಟ್ಟುಪಾಳ್ಯಂನ ತರಕಾರಿ ವ್ಯಾಪಾರಿಗೆ ಕಳುಹಿಸಿದ ಒಂದು ಧ್ವನಿಸಂದೇಶವಿತ್ತು. ಮರುದಿನ ಎಷ್ಟು ಮೂಟೆ ಕೋಸು ಬರುವುದೆಂದು ತಿಳಿಸುವ ಸ್ಪಷ್ಟವಾದ ತಮಿಳು ಮಾತು. ಸಮಯ 5:48. ನಾಲ್ಕೂವರೆಯಿಂದ ಎಣಿಸಿದರೆ ಒಂಬತ್ತಕ್ಕೆ ಬಾಗಿಲು ಮುಚ್ಚುತ್ತದೆ. 5:48ರಿಂದ ಎಣಿಸಿದರೆ 10 ಗಂಟೆ 18 ನಿಮಿಷದವರೆಗೆ ತೆರೆದಿರುತ್ತದೆ.

ಆಂಬುಲೆನ್ಸ್ ಲಾರಿಗಳ ಸಾಲಿನ ಹಿಂದೆ ಘಾಟಿ ಇಳಿದು ಸತ್ಯಮಂಗಲ ತಲುಪುವಾಗ ಎಂಟು ಗಂಟೆ ದಾಟಿತ್ತು. ಅಲ್ಲಿ ಪ್ರಥಮ ಚಿಕಿತ್ಸೆ ಮಾಡಿ ಕೊಯಮತ್ತೂರಿಗೆ ಕಳುಹಿಸಿದರು. ಚಾಮರಾಜನಗರಕ್ಕೇ ಹೋಗಿದ್ದರೆ ಬೇಗ ಆಗುತ್ತಿತ್ತಲ್ಲವೇ ಎಂಬ ಪ್ರಶ್ನೆ ಬಳಗದಲ್ಲಿ ಇಂದಿಗೂ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೆ ಗಡಿಯ ಜನರು ಆಸ್ಪತ್ರೆಯನ್ನು ಆರಿಸುವುದು ನಕ್ಷೆಯಲ್ಲಿ ದೂರ ಅಳೆದು ಮಾತ್ರವಲ್ಲ. ಆಂಬುಲೆನ್ಸ್ ಯಾವ ರಾಜ್ಯದ್ದು, ವಿಮೆಯ ಚೀಟಿ ಎಲ್ಲಿ ನಡೆಯುತ್ತದೆ, ಜೊತೆಗೆ ಕೂರಲು ನೆಂಟರು ಎಲ್ಲಿದ್ದಾರೆ ಎಂಬ ಲೆಕ್ಕಗಳೂ ಅದರಲ್ಲಿ ಸೇರುತ್ತವೆ. ಹೊಸೂರಿನವರು ಬೆಂಗಳೂರಿಗೆ, ಆದೋನಿ ರಾಯದುರ್ಗದವರು ಬಳ್ಳಾರಿಗೆ, ಕಾಸರಗೋಡಿನವರು ಮಂಗಳೂರಿಗೆ ಹೋಗುವುದು ಹಿಂದಿನಿಂದ ಬಂದ ರೂಢಿ. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೂ ಮಣ್ಣು ಸುರಿದಾಗ ಆ ರೂಢಿ ಒಂದೇ ದಿನದಲ್ಲಿ ಕಡಿದುಹೋಯಿತು. ಡಯಾಲಿಸಿಸ್ ಆಗಬೇಕಾದವರು, ದಿನ ತುಂಬಿದ ಗರ್ಭಿಣಿಯರು ದಾರಿಯಲ್ಲಿಯೇ ತಡೆದು ನಿಲ್ಲಬೇಕಾಯಿತು. ವಿಷಯ ಕೇರಳ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಮುಟ್ಟಿತು. ತುರ್ತು ರೋಗಿಗಳನ್ನು ಬಿಡುವ ಬಗೆಗೆ ಎರಡು ರಾಜ್ಯಗಳ ನಡುವೆ ಒಪ್ಪಂದವಾದುದು ಏಪ್ರಿಲ್ 7ರ ಹೊತ್ತಿಗೆ. ಗಡಿಯೆಂಬುದು ಉಳಿದ ದಿನಗಳಲ್ಲಿ ಭಾಷೆಯ ಮಾತು. ಆಪತ್ತು ಬಂದಾಗ ಅದು ದಾರಿಯ ಮಾತೂ ಆಗುತ್ತದೆ.

ಕೊಯಮತ್ತೂರಿನಲ್ಲಿ ಬಳಗದ ಒಬ್ಬ ಹಳೆಯ ಸದಸ್ಯರಿದ್ದರು. ನಿವೃತ್ತ ಮುಖ್ಯೋಪಾಧ್ಯಾಯರು, ಮಗನ ಮನೆಯಲ್ಲಿ ನೆಲೆಸಿದವರು. ಬಳಗದ ಸಂದೇಶಗಳಿಗೆ ಎಂದೂ ಉತ್ತರಿಸದವರೆಂದು ಕಿರಿಯರ ಲೇವಡಿಗೂ ಗುರಿಯಾಗಿದ್ದರು. ಅವರು ಒಂಬತ್ತು ಗಂಟೆಗೆ ಮುಂಚೆಯೇ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಹಾಳೆ: ಹೆಸರು, ವಯಸ್ಸು, ರಕ್ತದೊತ್ತಡದ ಮಾತ್ರೆಯ ಹೆಸರು, ಕೊನೆಯ ಸ್ಪಷ್ಟ ಮಾತಿನ ಸಮಯ 5:48, ಅದಕ್ಕೆ ಆಧಾರವೇನು ಎಂಬುದು. ಎಲ್ಲವೂ ತಮಿಳಿನಲ್ಲಿ. 9:35ಕ್ಕೆ ಆಂಬುಲೆನ್ಸ್ ಬಂದಾಗ ಚೀಟಿಯಲ್ಲಿದ್ದ 4:30ನ್ನು ಕಂಡು ಕರ್ತವ್ಯದಲ್ಲಿದ್ದ ವೈದ್ಯರು ತಲೆ ಅಲ್ಲಾಡಿಸಿದರು. ಮೇಷ್ಟ್ರು ಹಾಳೆಯನ್ನು ಮುಂದಿಟ್ಟು, ಧ್ವನಿಸಂದೇಶವನ್ನು ಕೇಳಿಸಿದರು. ಸ್ಕ್ಯಾನ್ ಆಯಿತು, ರಕ್ತಸ್ರಾವವಿಲ್ಲವೆಂದು ತಿಳಿಯಿತು. ಚುಚ್ಚುಮದ್ದು ಕೊಟ್ಟಾಗ 10 ಗಂಟೆ 10 ನಿಮಿಷ.

ಇದರ ನಡುವೆ ನಡೆದ ಒಂದು ಸಣ್ಣ ಸಂಗತಿಯನ್ನು ಶಿಕ್ಷಕರು ಗಮನಿಸಬೇಕು. ಚುಚ್ಚುಮದ್ದಿನಿಂದ ರಕ್ತಸ್ರಾವವಾಗುವ ಸಾಧ್ಯತೆಯನ್ನು ವಿವರಿಸಿ ಮನೆಯವರಿಂದ ಒಪ್ಪಿಗೆಯ ಸಹಿ ಪಡೆಯಬೇಕು. ಆ ಶಿಕ್ಷಕಿಗೆ ಸಂತೆಯ ತಮಿಳು, ಕಚೇರಿಯ ತಮಿಳು ಚೆನ್ನಾಗಿ ಬರುತ್ತಿತ್ತು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ಆಕೆಗೆ ವೈದ್ಯರ ವೇಗದ ಮಾತಾಗಲೀ ನಮೂನೆಯ ಬರಹವಾಗಲೀ ಆ ಗಳಿಗೆಯಲ್ಲಿ ತಲೆಗೆ ಹತ್ತಲಿಲ್ಲ. ಜೊತೆಗೆ ಬಂದಿದ್ದ ಮಗಳು ಎಂಟನೆಯ ತರಗತಿಯವಳು. 2006ರ ತಮಿಳು ಕಲಿಕಾ ಕಾಯ್ದೆಯ ಬಳಿಕ ಶಾಲೆ ಸೇರಿದ ತಲೆಮಾರಿನವಳಾದುದರಿಂದ ತಮಿಳನ್ನು ಸರಾಗವಾಗಿ ಓದಬಲ್ಲಳು. ದಾದಿಯೊಬ್ಬರು ಸಹಜವಾಗಿ ಕಾಗದವನ್ನು ಅವಳ ಕೈಗೆ ಕೊಟ್ಟು, “ಅಮ್ಮನಿಗೆ ಓದಿ ಹೇಳಮ್ಮ” ಎಂದರು. ತಂದೆ ಸಾಯಲೂಬಹುದು ಎಂಬ ವಾಕ್ಯವನ್ನು ಹದಿಮೂರು ವರ್ಷದ ಹುಡುಗಿ ತಾಯಿಗೆ ಅನುವಾದಿಸಿ ಹೇಳಬೇಕಾಗಿತ್ತು. ಮೇಷ್ಟ್ರು ಕಾಗದವನ್ನು ಮೆಲ್ಲನೆ ತೆಗೆದುಕೊಂಡು, ಹುಡುಗಿಯನ್ನು ನೀರು ತರಲು ಕಳುಹಿಸಿ, ತಾವೇ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದರು. ಗಡಿಯ ಮನೆಗಳಲ್ಲಿ ಮಕ್ಕಳು ದಿನವೂ ದುಭಾಷಿಗಳಾಗುತ್ತಾರೆ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನ ಬೋರ್ಡಿನ ಮುಂದೆ. ಅದು ಹೆಮ್ಮೆಯ ವಿಷಯವೇ ಸರಿ. ಆಸ್ಪತ್ರೆಯ ಒಪ್ಪಿಗೆ ಪತ್ರ ಮಾತ್ರ ಮಕ್ಕಳ ಕೈಗೆ ಹೋಗಬಾರದು.

ಅದೇ ಸಂಜೆ ಬಳಗದ ಇನ್ನೊಂದು ಮುಖವೂ ಕಾಣಿಸಿತು. ನೋಡಲು ಹೋದ ಸದಸ್ಯರೊಬ್ಬರು ತೀವ್ರನಿಗಾ ಘಟಕದ ಗಾಜಿನ ಹೊರಗಿನಿಂದ ತೆಗೆದ ಚಿತ್ರವೊಂದನ್ನು ಬಳಗಕ್ಕೆ ಹಾಕಿದರು. ಮೂಗಿನಲ್ಲಿ ನಳಿಕೆ, ಅರೆತೆರೆದ ಬಾಯಿ. ಕಾಳಜಿಯಿಂದಲೇ ಹಾಕಿದ್ದು. ಒಂದು ಗಂಟೆಯೊಳಗೆ ಅದು ಇತರ ನಾಲ್ಕಾರು ಬಳಗಗಳಿಗೆ ಹರಿದು, ಊರಿನ ನೆಂಟರೊಬ್ಬರ ಫೋನಿನಲ್ಲಿ ಆ ಮಗಳ ಕಣ್ಣಿಗೇ ಬಿದ್ದಿತು; ಕೆಳಗೆ ಯಾರೋ ಶ್ರದ್ಧಾಂಜಲಿಯನ್ನೂ ಬರೆದಿದ್ದರು. ತಂದೆ ಜೀವಂತವಾಗಿದ್ದಾರೆಂದು ಅವಳಿಗೆ ನಂಬಿಸಲು ರಾತ್ರಿ ಬಹಳ ಹೊತ್ತಾಯಿತು. ಚಿತ್ರವನ್ನು ಅಳಿಸಿದರು, ಕ್ಷಮೆ ಕೇಳಿದರು. ಹರಿದುಹೋದುದನ್ನು ಹಿಂದಕ್ಕೆ ತರಲಾಗಲಿಲ್ಲ. ಅಂದಿನಿಂದ ಬಳಗದಲ್ಲಿ ರೋಗಿಯ ಸುದ್ದಿಯನ್ನು ದಿನಕ್ಕೊಮ್ಮೆ, ಮನೆಯವರನ್ನು ಕೇಳಿ, ಮೂರು ಸಾಲಿನಲ್ಲಿ, ಒಬ್ಬರೇ ಬರೆಯುವ ಪದ್ಧತಿ ಬಂದಿತು.

ಹಣದ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಸರ್ಕಾರಿ ನೌಕರರ ಆರೋಗ್ಯ ವಿಮೆಯಿಂದ ಚಿಕಿತ್ಸೆಯ ವೆಚ್ಚದ ಬಹುಭಾಗ ಹೊರಟಿತು. ಬಳಗದ ವಂತಿಗೆ ಬೇಕಾದುದು ವಿಮೆ ಮುಟ್ಟದ ಖರ್ಚುಗಳಿಗೆ: ಜೊತೆಗಿದ್ದವರ ಊಟ, ಬಾಡಿಗೆ ಕೋಣೆ, ಬಸ್ಸು, ಊರುಗೋಲು. ಒಂದೇ ಖಾತೆಗೆ ಹಣ ಹಾಕಿದರು. ಖರ್ಚಿನ ಪಟ್ಟಿಯನ್ನು ವಾರಕ್ಕೊಮ್ಮೆ ಬಳಗಕ್ಕೆ ಹಾಕಿದರು. ಕೊಟ್ಟವರ ಹೆಸರು ಮತ್ತು ಮೊತ್ತವನ್ನು ಬಹಿರಂಗಪಡಿಸದಿದ್ದುದು ಒಳ್ಳೆಯದಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರು ನೂರು ರೂಪಾಯಿ ಕೊಡಲು ನಾಚಬೇಕಾಗಲಿಲ್ಲ. ಈ ಸಂದರ್ಭದಲ್ಲಿ ನೆರೆಯ ಕೇರಳದ ಒಂದು ಪ್ರಸಂಗ ನೆನಪಿಗೆ ಬರುತ್ತದೆ. 2021ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಮಗುವೊಂದಕ್ಕೆ ಬೆನ್ನುಹುರಿಯ ಸ್ನಾಯುಕ್ಷಯ ರೋಗಕ್ಕೆ 18 ಕೋಟಿ ರೂಪಾಯಿಯ ಒಂದೇ ಚುಚ್ಚುಮದ್ದು ಬೇಕಾಗಿತ್ತು. ಫೋನಿನಿಂದ ಫೋನಿಗೆ ಹರಡಿದ ಮನವಿಗೆ ಕೆಲವೇ ದಿನಗಳಲ್ಲಿ ಬೇಕಾದುದಕ್ಕಿಂತ ಹೆಚ್ಚು ಹಣ ಬಂದಿತು. ಆಗ ಸಂಗ್ರಹದ ಹೊಣೆ ಹೊತ್ತವರು ಮುಂದೆ ಬಂದು, ಇನ್ನು ಕಳುಹಿಸಬೇಡಿ ಎಂದು ಕೇಳಿಕೊಂಡರು. ಬೇಡುವುದನ್ನು ಕಲಿತ ಬಳಗಗಳು ಬೇಕಾದಷ್ಟಿವೆ. ಸಾಕು ಎನ್ನಲು ಬಲ್ಲ ಬಳಗದ ಮೇಲೆ ಮುಂದಿನ ಬಾರಿಗೂ ಜನರ ನಂಬಿಕೆ ಉಳಿಯುತ್ತದೆ. ತಾಳವಾಡಿಯ ಬಳಗವೂ ಆರನೆಯ ವಾರದಲ್ಲಿ ಖಾತೆಯನ್ನು ನಿಲ್ಲಿಸಿ, ಮಿಕ್ಕುದನ್ನು ಮನೆಯವರ ಒಪ್ಪಿಗೆಯಿಂದ ಮುಂದಿನ ಆಪತ್ತಿಗೆಂದು ಕಾದಿರಿಸಿತು.

ಶಾಲೆಯ ಮಾತು. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರು ತಿಂಗಳುಗಟ್ಟಲೆ ಬಾರದಿದ್ದರೆ ಐದು ತರಗತಿಗಳೂ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತವೆ. ಅಲ್ಲಿ ಮಾಟ್ರುಪ್ಪಣಿ ಎಂದು ಕರೆಯುವ ಬದಲಿ ನಿಯೋಜನೆಗೆ ಅರ್ಜಿ ಬರೆದು, ಬ್ಲಾಕ್ ಶಿಕ್ಷಣಾಧಿಕಾರಿಗಳ ಕಚೇರಿಗೆ ಎರಡು ಬಾರಿ ಓಡಾಡಿ, ಕನ್ನಡ ಬಲ್ಲ ಶಿಕ್ಷಕರನ್ನೇ ಕಳುಹಿಸಬೇಕೆಂದು ಪಟ್ಟುಹಿಡಿದವರು ಬಳಗದ ಇಬ್ಬರು ಯುವ ಶಿಕ್ಷಕರು. ಕನ್ನಡ ಬಾರದವರು ಬಂದಿದ್ದರೆ ಒಂದನೆಯ ತರಗತಿಯ ಮಕ್ಕಳಿಗೆ ಆ ವರ್ಷದ ಅಕ್ಷರವೇ ತಪ್ಪಿಹೋಗುತ್ತಿತ್ತು. ಕಟಾವಿಗೆ ಬಂದಿದ್ದ ಕೋಸನ್ನು ಊರಿನವರು ಮುಯ್ಯಾಳಿನ ಲೆಕ್ಕದಲ್ಲಿ ಕಿತ್ತು ಲಾರಿಗೆ ಏರಿಸಿದರು. ಮುಯ್ಯಿ ಎಂಬುದು ರೈತಾಪಿ ಜನರಲ್ಲಿ ಹಳೆಯ ಕಟ್ಟಳೆ: ಇಂದು ನಿನ್ನ ಹೊಲಕ್ಕೆ ನನ್ನ ಆಳು, ನಾಳೆ ನನ್ನ ಹೊಲಕ್ಕೆ ನಿನ್ನದು. ಅದಕ್ಕೆ ಯಾರೂ ಧನ್ಯವಾದ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಇನ್ನು ಈ ಸಂಗತಿಯಲ್ಲಿ ಶಿಕ್ಷಕರಿಗೆ ಹೆಚ್ಚು ಸಲ್ಲುವ ಭಾಗ. ಚುಚ್ಚುಮದ್ದಿನಿಂದ ಕಾಲಿನ ಶಕ್ತಿ ಬಹುಮಟ್ಟಿಗೆ ಮರಳಿತು, ಕೈ ಅರ್ಧ ಮರಳಿತು, ಮಾತು ಮಾತ್ರ ಮರಳಲಿಲ್ಲ. ಬಹುತೇಕ ಜನರಲ್ಲಿ ಮಾತಿನ ಕೆಲಸ ಮೆದುಳಿನ ಎಡಭಾಗದ್ದು. ಆದುದರಿಂದಲೇ ಬಲಗೈ ಬಿದ್ದವರಲ್ಲಿ ಮಾತೂ ಕೆಡುವುದು ಹೆಚ್ಚು. ಇದು ನಾಲಗೆಯ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಹೇಳಬೇಕಾದುದು ಒಳಗೆ ಇದೆ, ಪದ ಮಾತ್ರ ಕೈಗೆ ಸಿಗುವುದಿಲ್ಲ. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ನೋಡಲು ಬಂದ ನೆಂಟರು ಇದನ್ನರಿಯದೆ ರೋಗಿಯ ಎದುರಿನಲ್ಲಿಯೇ “ಪಾಪ, ಬುದ್ಧಿಯೂ ಹೋಯಿತು” ಎನ್ನುತ್ತಿದ್ದರು. ಅವರ ಕಣ್ಣಿನಲ್ಲಿ ನೀರು ಬರುತ್ತಿದ್ದುದನ್ನು ಕಂಡು, ಅದೂ ರೋಗದ ಲಕ್ಷಣವೆಂದು ತಿಳಿಯುತ್ತಿದ್ದರು.

ಮಾತಿನ ಚಿಕಿತ್ಸೆ ನೀಡುತ್ತಿದ್ದ ಯುವತಿ ತಮಿಳು ಮನೆಯವರು, ಕನ್ನಡ ಬಾರದು. ಅವರ ಪರೀಕ್ಷೆ ತಮಿಳಿನಲ್ಲಿ ನಡೆಯಿತು. ಇಪ್ಪತ್ತು ವರ್ಷ ಮೆಟ್ಟುಪಾಳ್ಯಂ ಮಂಡಿಯಲ್ಲಿ ತಮಿಳಿನಲ್ಲಿಯೇ ವ್ಯವಹರಿಸಿದ ವ್ಯಕ್ತಿಯಿಂದ ಒಂದು ಪದವೂ ಹೊರಡಲಿಲ್ಲ. ಒಂದು ಮಧ್ಯಾಹ್ನ ಹೆಂಡತಿ ಹಾಸಿಗೆ ಸರಿಪಡಿಸುತ್ತ ಮಾದೇಶ್ವರನ ಪದವೊಂದನ್ನು ಗುನುಗುತ್ತಿದ್ದಾಗ, ಆತ ಅದರ ಮುಂದಿನ ಸಾಲನ್ನು ರಾಗಸಹಿತ ಹಾಡಿಬಿಟ್ಟರು. ಆಕೆ ಗಡಗಡ ನಡುಗುತ್ತ ಮೇಷ್ಟ್ರಿಗೆ ಕರೆ ಮಾಡಿದರು. ಇದು ಪವಾಡವಲ್ಲ. ಬಾಯಿಪಾಠವಾದ ಹಾಡು, ಎಣಿಕೆ, ವಾರದ ಹೆಸರುಗಳು ಇಂಥ ರೋಗಿಗಳಲ್ಲಿ ಉಳಿದುಬರುವುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಆದರೆ ಯಾವ ಭಾಷೆಯಲ್ಲಿ ಉಳಿದಿದೆ ಎಂಬುದನ್ನು ಆ ಯುವತಿ ಗಮನಿಸಿದರು. ತನಗೆ ಕನ್ನಡ ಕಲಿಸುವವರು ಬೇಕೆಂದು ಅವರೇ ಕೇಳಿದರು.

ಎರಡು ಭಾಷೆ ಬಲ್ಲವರಿಗೆ ಮಾತು ಹೋದಾಗ ಯಾವ ಭಾಷೆ ಮೊದಲು ಮರಳುತ್ತದೆ? ಮೊದಲು ಕಲಿತದ್ದು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರಿಬೊ ಹೇಳಿದರು. ಹೆಚ್ಚು ಬಳಸುತ್ತಿದ್ದುದು ಎಂದು ಅಲ್ಲಿಯವರೇ ಆದ ಪಿತ್ರ್ 1895ರಲ್ಲಿ ಹೇಳಿದರು. ಎರಡೂ ಜೊತೆಜೊತೆಯಾಗಿ ಮರಳುವುದೇ ಹೆಚ್ಚೆಂದು ಅನಂತರದ ಅಧ್ಯಯನಗಳು ತೋರಿಸಿವೆ. ಆದುದರಿಂದ ಮಾತೃಭಾಷೆಯೇ ಗೆದ್ದಿತೆಂದು ಇಲ್ಲಿ ಜಯಘೋಷ ಮಾಡುವುದು ಸರಿಯಲ್ಲ. ಇನ್ನೊಂದು ಅಧ್ಯಯನ ಗಡಿನಾಡಿನವರಿಗೆ ಸಮಾಧಾನ ತರುವಂಥದು. 2016ರಲ್ಲಿ ಪ್ರಕಟವಾದ, ಹೈದರಾಬಾದಿನ 608 ಪಾರ್ಶ್ವವಾಯು ರೋಗಿಗಳ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಯೋಚನಾಶಕ್ತಿ ಕುಂದದೆ ಉಳಿದವರ ಪ್ರಮಾಣ ಸುಮಾರು ಎರಡರಷ್ಟಿತ್ತು. ಅಫೇಸಿಯಾ ಮಾತ್ರ ಎರಡೂ ಗುಂಪುಗಳಲ್ಲಿ ಒಂದೇ ಪ್ರಮಾಣದಲ್ಲಿ ಕಂಡಿತು. ಎರಡು ಭಾಷೆಗಳ ನಡುವೆ ಬದುಕುವುದನ್ನು ಹೊರೆಯೆಂದು ಬಗೆಯುವ ಪೋಷಕರಿಗೆ ಇದನ್ನು ಹೇಳಬಹುದು.

ಬಳಗಕ್ಕೆ ಈಗ ತನ್ನದೇ ಆದ ಕೆಲಸ ಸಿಕ್ಕಿತು. ಉತ್ಸಾಹದಿಂದ ಮೊದಲು ಕಳುಹಿಸಿದ್ದು ಒಂದನೆಯ ತರಗತಿಯ ವರ್ಣಮಾಲೆಯ ಪಟ. ಅಗಸ, ಆನೆ, ಇಲಿ, ಈಶ. ಮಗಳು ಅದನ್ನು ಮಂಚದ ಎದುರಿನ ಗೋಡೆಗೆ ಅಂಟಿಸಿದಳು. ಆತ ಮುಖವನ್ನು ಗೋಡೆಯಿಂದ ತಿರುಗಿಸಿಕೊಂಡು ಆ ದಿನವೆಲ್ಲ ಯಾವ ಅಭ್ಯಾಸಕ್ಕೂ ಒಪ್ಪಲಿಲ್ಲ. ಎಂಟು ಎಕರೆ ನಡೆಸುವ ಮನುಷ್ಯನ ಮುಂದೆ ಮಗುವಿನ ಪಟ ಇಟ್ಟರೆ ಇನ್ನೇನಾದೀತು? ಕಲಿಸುವವರು ಕಲಿಯುವವರ ವಯಸ್ಸನ್ನು ಮರೆತಾಗ ಆಗುವುದೇ ಅದು; ವಯಸ್ಕರ ಶಿಕ್ಷಣದ ತರಗತಿಗಳಲ್ಲಿಯೂ ಕಂಡುಬರುವ ದೋಷ. ಚಿಕಿತ್ಸಕಿಯ ಸಲಹೆಯಂತೆ ಪಟ ಹೋಗಿ, ಆತನ ಬದುಕಿನ ಚಿತ್ರಗಳು ಬಂದವು. ತಮ್ಮದೇ ತೋಟದ ಬಾವಿ, ಪಂಪ್‌ಸೆಟ್ಟು, ಕುಡುಗೋಲು, ಎತ್ತು, ರಾಗಿಮುದ್ದೆ, ಸಂತೆಯ ತಕ್ಕಡಿ, ಮಗಳ ಸೈಕಲ್ಲು. ಫೋನಿನಲ್ಲಿ ತೆಗೆದು, ಹಿಂದೆ ಒಂದೇ ಪದ ಬರೆದು, ಅಂಗೈಯಗಲದ ಕಾರ್ಡುಗಳಾಗಿ ಮಾಡಿದರು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ತಮಿಳು. ಊಟ, ನೀರು, ನೋವು, ಬೇಡ, ಬಚ್ಚಲು ಎಂಬ ಕಾರ್ಡುಗಳು ಬೇರೆಯಾಗಿ ಒಂದು ದಾರದಲ್ಲಿ, ಮಾತಿಲ್ಲದೆಯೂ ಬೆರಳಿಟ್ಟು ತೋರಿಸಲು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕನ್ನಡದಲ್ಲಿ ಇಂಥ ಚಿಕಿತ್ಸೆ ನುರಿತವರಿಂದಲೇ ದೊರೆಯುತ್ತದೆ. ಊರಿಗೆ ಮರಳಿದ ಮೇಲೆ ಕುಟುಂಬ ಅಲ್ಲಿಗೂ ಹೋಗಿಬಂದಿತು. ಶಿಕ್ಷಕರು ಚಿಕಿತ್ಸಕರಲ್ಲ. ಚಿಕಿತ್ಸಕರು ಹೇಳಿಕೊಟ್ಟುದನ್ನು ದಿನವೂ ಮಾಡಿಸುವ ತಾಳ್ಮೆ ಮಾತ್ರ ಅವರ ಕೊಡುಗೆ.

ಆ ದಿನದ ಅಭ್ಯಾಸಕ್ಕೆ ಸಂಜೆ ಕಾಲುಗಂಟೆ ವಿಡಿಯೊ ಕರೆಯಲ್ಲಿ ಕುಳಿತುಕೊಳ್ಳಲು ಮೊದಲು ಒಂಬತ್ತು ಮಂದಿ ಹೆಸರು ಕೊಟ್ಟರು. ಮೂರನೆಯ ವಾರಕ್ಕೆ ಐವರಾದರು, ಎರಡನೆಯ ತಿಂಗಳಿಗೆ ಮೂವರು. ಬಳಗದಲ್ಲಿ ಮತ್ತೆ ಸುತ್ತೋಲೆಗಳೂ ಶುಭಾಶಯಗಳೂ ತುಂಬಿಕೊಂಡವು. ಇದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ, ಎಲ್ಲರಿಗೂ ಮನೆ ಇದೆ, ಪರೀಕ್ಷೆಯ ಕೆಲಸ ಇದೆ. ಆದರೆ ಆಪತ್ತಿನ ಮೊದಲ ದಿನ ಆ ಶಿಕ್ಷಕಿಯ ಫೋನು ಕೈಯಲ್ಲಿ ಹಿಡಿಯಲಾಗದಷ್ಟು ಬಡಿಯುತ್ತಿತ್ತು. ಎಪ್ಪತ್ತನೆಯ ದಿನ, ಗಂಡ ಸಿಟ್ಟಿನಿಂದ ತಟ್ಟೆ ಎಸೆದ ರಾತ್ರಿ, ಅದು ಸುಮ್ಮನಿತ್ತು. ಆ ರಾತ್ರಿ ಆಕೆ ಬಳಗಕ್ಕೆ ಬರೆಯಲಿಲ್ಲ. ಉಳಿದ ಮೂವರಲ್ಲಿ ಒಬ್ಬರಿಗೆ ಮಾತ್ರ ಕರೆ ಮಾಡಿ, “ಅಕ್ಕಾ, ಇವತ್ತು ನನ್ನ ಕೈಲಿ ಆಗುತ್ತಿಲ್ಲ” ಎಂದರು. ಆ ಅಕ್ಕ ಮರುದಿನ ರಜೆ ಹಾಕಿ ಬೆಳಗಿನ ಬಸ್ಸಿಗೆ ಬಂದು, ಆಕೆಯನ್ನು ಮಲಗಿಸಿ, ಅಡಿಗೆ ಮಾಡಿ, ಸಂಜೆ ಹಿಂದಿರುಗಿದರು. ಆರೈಕೆ ಮಾಡುವವರಿಗೂ ಆರೈಕೆ ಬೇಕೆಂಬುದನ್ನು ಬಳಗ ಆ ವೇಳೆಗೆ ಮರೆತೇಬಿಟ್ಟಿತ್ತು.

ಒಂಬತ್ತನೆಯ ತಿಂಗಳಲ್ಲಿ ಒಂದು ಸಂಜೆ. ಕರೆಯ ಆ ತುದಿಯಲ್ಲಿ ನಿವೃತ್ತ ಮೇಷ್ಟ್ರು ಕಾರ್ಡುಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಹೊಸ ಕಾರ್ಡುಗಳನ್ನು ಪೇಟೆಯ ಯುವ ಶಿಕ್ಷಕರೊಬ್ಬರು ಅಂತರಜಾಲದ ಚಿತ್ರಗಳಿಂದ ಮಾಡಿ ಕಳುಹಿಸಿದ್ದರು. “ಎಲೆಕೋಸು” ಎಂದು ಬರೆದಿದ್ದ ಕಾರ್ಡನ್ನು ಮೇಷ್ಟ್ರು ಎತ್ತಿಹಿಡಿದರು. ರೋಗಿ ಬಹಳ ಹೊತ್ತು ನೋಡಿದರು, ಎಡಗೈಯನ್ನು ಅಡ್ಡ ಆಡಿಸಿದರು.

“ಹೇಳಿ, ಗೌಡರೇ. ಎಲೆ…” ಎಂದು ಮೇಷ್ಟ್ರು ಎಳೆದರು.

“ಅಲ್ಲ,” ಎಂದರು ಅವರು. ಬಳಿಕ ಒಂದೊಂದೇ ಅಕ್ಷರವನ್ನು ಎತ್ತಿಡುವಂತೆ, “ಹೂ… ಹೂ… ಹೂಕೋಸು. ಮೇಷ್ಟ್ರೇ, ತಪ್ಪು.”

ಕಾರ್ಡನ್ನು ತಿರುಗಿಸಿ ನೋಡಿದರೆ ಚಿತ್ರ ಹೂಕೋಸಿನದೇ ಆಗಿತ್ತು. ಮರುದಿನ ಬಳಗದಲ್ಲಿ ಸರಿಪಡಿಸಿದ ಕಾರ್ಡು ಬಂದಿತು.